ಕಂಟೇನರ್ ಬೇಕು ಅಂದರೆ ಯಾವುದು ಬೇಕು?

ತೋಟದಲ್ಲಿ ಗೋದಾಮು ಮಾಡಿಕೊಳ್ಳಲು ಹಳೆಯ ಕಂಟೇನರ್ ಕೊಳ್ಳಲು ಹೊರಟರೆ ಮೊದಲ ತೊಡಕು ಹೆಸರಿನದೇ. ದಾವಣಗೆರೆ–ಚಿತ್ರದುರ್ಗದ ಹೆದ್ದಾರಿಯುದ್ದಕ್ಕೂ ‘ಕಂಟೇನರ್’ ಅನ್ನುವ ಒಂದೇ ಪದಕ್ಕೆ ಮೂರು ಅರ್ಥ. ಮುಚ್ಚಿದ ಬಾಡಿಯ ಲಾರಿಯೂ ಕಂಟೇನರ್, ತಗಡಿನ ರೆಡಿಮೇಡ್ ರೂಮೂ ಕಂಟೇನರ್, ಹಡಗಿನಲ್ಲಿ ಬಂದಿಳಿಯುವ ಉಕ್ಕಿನ ಪೆಟ್ಟಿಗೆಯೂ ಕಂಟೇನರ್. ಬಂದರಿನವರ ಬಾಯಲ್ಲಿ ಈ ಮೂರನೆಯದು ಬರೀ ‘ಬಾಕ್ಸ್’. ತೋಟದ ಗೋದಾಮಿಗೆ ಗಟ್ಟಿಯಾಗಿ ಬಾಳುವುದು ಇದೇ. ಹಾಗಾಗಿ ಮಾರುವವರಿಗೆ ಫೋನಿನಲ್ಲಿ ‘ಹಡಗಿನ ಇಪ್ಪತ್ತಡಿ ಬಾಕ್ಸ್’ ಎಂದು ಬಿಡಿಸಿ ಹೇಳಿ, ಬಾಗಿಲಿನ ಫೋಟೊ ತರಿಸಿಕೊಳ್ಳಿ.

ಫೋಟೊದಲ್ಲಿ ಮೊದಲು ನೋಡಬೇಕಾದ್ದು ನಂಬರು: ನಾಲ್ಕು ಇಂಗ್ಲಿಷ್ ಅಕ್ಷರ, ಆರು ಅಂಕಿ, ಚೌಕದೊಳಗೆ ಇನ್ನೊಂದು ಅಂಕಿ. ನಾಲ್ಕನೆಯ ಅಕ್ಷರ ಸಾಮಾನ್ಯವಾಗಿ ‘ಯು’. ಅದರ ಕೆಳಗೆ ‘22ಜಿ1’ ಇದ್ದರೆ ಉದ್ದ 20 ಅಡಿ, ಎತ್ತರ ಎಂಟೂವರೆ ಅಡಿ. ‘45ಜಿ1’ ಅಂದರೆ 40 ಅಡಿ ಉದ್ದ, ಒಂಬತ್ತೂವರೆ ಅಡಿ ಎತ್ತರ. ‘ಜಿ’ ಜಾಗದಲ್ಲಿ ‘ಆರ್’ ಇದ್ದರೆ ಅದು ಶೀತಲ ಪೆಟ್ಟಿಗೆ. ಗೋಡೆಯೊಳಗೆ ಫೋಮ್ ಇರುತ್ತದೆ, ಕಿಟಕಿ ಕೊರೆದು ವೆಲ್ಡಿಂಗ್ ಮಾಡಲು ಹೋದರೆ ಹೊತ್ತಿಕೊಳ್ಳಬಹುದು. ತಯಾರಾದ ತಿಂಗಳು, ವರ್ಷ ಬಾಗಿಲಿಗೆ ರಿವೆಟ್ ಹೊಡೆದ ಲೋಹದ ಫಲಕದಲ್ಲಿರುತ್ತದೆ. ಹೊಸ ಬಣ್ಣ ನೋಡಿ ಮರುಳಾಗಬೇಡಿ.

ಆಮೇಲೆ ಹಗಲಲ್ಲೇ ಹೋಗಿ ಒಳಹೊಕ್ಕು ಬಾಗಿಲು ಹಾಕಿಸಿ. ಹೊರಗೊಬ್ಬರು ನಿಂತಿರಲೇಬೇಕು, ಒಳಗಿನಿಂದ ತೆರೆಯಲು ಬರುವುದಿಲ್ಲ. ಸೂಜಿಮೊನೆಯಷ್ಟು ಬೆಳಕು ಕಂಡರೂ ಅಲ್ಲಿ ಮಳೆನೀರು ಇಳಿಯುತ್ತದೆ. ನೆಲಕ್ಕೆ ಹಾಸಿದ ಸುಮಾರು 28 ಮಿಲಿಮೀಟರ್ ದಪ್ಪದ ಪ್ಲೈವುಡ್ಡನ್ನು ಮೂಲೆಗಳಲ್ಲಿ ತುಳಿದು ನೋಡಿ. ಅದಕ್ಕೆ ಕೀಟನಾಶಕ ಕುಡಿಸಿರುತ್ತಾರೆ, ಕಾಳನ್ನು ಅದರ ಮೇಲೆ ನೇರವಾಗಿ ಸುರಿಯಬಾರದು.

ಹೆಚ್ಚಿನವರು ಎಡವುವುದು ಕೂರಿಸುವಾಗ. ಖಾಲಿ ಇಪ್ಪತ್ತಡಿಯೇ ಎರಡು ಟನ್ನಿಗಿಂತ ಹೆಚ್ಚು ತೂಗುತ್ತದೆ, ಕ್ರೇನ್ ಬೇಕು. ಭಾರವೆಲ್ಲ ನಾಲ್ಕು ಮೂಲೆಗಳ ಮೇಲೆ. ಎರೆಭೂಮಿಯಲ್ಲಿ ಬರೀ ಇಟ್ಟಿಗೆಯ ಮೇಲಿಟ್ಟರೆ ಮಳೆಗೆ ಮಣ್ಣು ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ. ಒಂದು ಮೂಲೆ ಕುಸಿದರೂ ಚೌಕಟ್ಟು ತಿರುಚಿ ಬಾಗಿಲು ಕಚ್ಚಿಕೊಳ್ಳುತ್ತದೆ. ಆಗ ಜನ ಬಾಗಿಲಿಗೆ ಸುತ್ತಿಗೆ ಹಿಡಿಯುತ್ತಾರೆ, ಸರಿಪಡಿಸಬೇಕಾದ್ದು ಬುಡ. ಎರೆ ಕೆತ್ತಿ ಗಟ್ಟಿ ಪದರದ ಮೇಲೆ ಕಾಂಕ್ರೀಟ್ ಪೀಠ ಹಾಕಿ, ಗಾರೆಯವರ ಟ್ಯೂಬ್ ಲೆವೆಲ್ ಹಿಡಿದು ನಾಲ್ಕನ್ನೂ ಸಮ ಮಾಡಿ.

ಗೋಡೆ ಅಗಲವಾಗಿ ಕೊಯ್ದರೆ ಸುತ್ತ ಕಬ್ಬಿಣದ ಚೌಕಟ್ಟು ಕೂರಿಸಿ, ಆ ಮಡಿಕೆ ತಗಡೇ ಪೆಟ್ಟಿಗೆಯ ಬಲ. ಹಸಿ ಮೆಕ್ಕೆಜೋಳ ತುಂಬಿ ಬಾಗಿಲು ಜಡಿದರೆ ಹಗಲಿನ ಆವಿ ರಾತ್ರಿ ತಣ್ಣಗಾದ ಸೂರಿನಿಂದ ಹನಿಯಾಗಿ ಚೀಲದ ಮೇಲೆ ಬೀಳುತ್ತದೆ, ಬೂಸ್ಟು ಹಿಡಿಯುತ್ತದೆ. ಚೆನ್ನಾಗಿ ಒಣಗಿಸಿ, ಮರದ ಹಲಗೆಯ ಮೇಲೆ, ಗೋಡೆಯಿಂದ ಒಂದು ಗೇಣು ಬಿಟ್ಟು ಒಟ್ಟಿ.