ಐದು ಗಂಟೆ ಮ್ಯಾಚಾದರೂ ಕೋರ್ಟಲ್ಲಿ ನಿಲ್ಲುವ ಬಾಲ್ ಬಾಯ್, ಬಾಲ್ ಗರ್ಲ್ ಆಗೋದು ಹೇಗೆ?

ದಾವಣಗೆರೆಯಲ್ಲಿ ನಾಲ್ಕು ಜನ ಟೆನಿಸ್ ಹುಚ್ಚಿನವರು ಬೆಣ್ಣೆ ದೋಸೆ ಮುಂದೆ ಕೂತರೆ ಮಾತು ಅಮೆರಿಕದ ಜಾನ್ ಇಸ್ನರ್, ಫ್ರಾನ್ಸಿನ ನಿಕೊಲಾ ಮಹುತ್ ಆಡಿದ ಮ್ಯಾಚಿಗೆ ಬಂದೇ ಬರುತ್ತದೆ. 2010ರ ವಿಂಬಲ್ಡನ್, ಮೊದಲ ಸುತ್ತು, 18ನೇ ಕೋರ್ಟು. ಮೂರು ದಿನಗಳಲ್ಲಿ ಒಟ್ಟು 11 ಗಂಟೆ 5 ನಿಮಿಷ ನಡೆದ ಆಟ. ಕೊನೆಯ ಸೆಟ್ 70-68. ಸ್ಕೋರ್‌ಬೋರ್ಡು 47-47ಕ್ಕೇ ಕೈಕೊಟ್ಟಿತು. ಇಸ್ನರ್ 113 ಏಸ್ (ಎದುರಾಳಿಗೆ ಮುಟ್ಟಲೂ ಆಗದ ಸರ್ವ್) ಹಾಕಿದ, ಮಹುತ್ 103. ಇದೆಲ್ಲಾ ಅಭಿಮಾನಿಗಳಿಗೆ ಬಾಯಿಪಾಠ. ಆದರೆ ಆ 216 ಏಸ್‌ಗಳಲ್ಲಿ ಪ್ರತಿ ಸಲವೂ ಚೆಂಡು ಎದುರಾಳಿಯನ್ನು ದಾಟಿ ಹಿಂದಕ್ಕೆ ಹೋಯಿತಲ್ವಾ, ಅದನ್ನು ಹಿಡಿದು ಮತ್ತೆ ಸರ್ವ್ ಮಾಡುವವನ ಕೈಗೆ ತಲುಪಿಸಿದವರು ಶಾಲೆಯ ಮಕ್ಕಳು. ಆ ಮಕ್ಕಳ ಕೆಲಸದ ಬಗ್ಗೆ ನಮ್ಮಲ್ಲಿ ಯಾರೂ ಸರಿಯಾಗಿ ಹೇಳಿಕೊಡುವುದಿಲ್ಲ. ಟೂರ್ನಮೆಂಟ್ ದಿನ ಬೆಳಿಗ್ಗೆ ನಾಲ್ಕು ಹುಡುಗರನ್ನು ಕರೆದು "ಬಾಲ್ ಎತ್ತಿಕೊಡ್ರೋ" ಅಂದರೆ ಮುಗಿಯಿತು. ಹಾಗೆ ಆಗಬಾರದು ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ಜೋರಾಗಿ ಓಡುವವರೇ ಒಳ್ಳೆಯ ಬಾಲ್ ಬಾಯ್ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಓಟ ಬೇಕು, ನಿಜ. ಆದರೆ ಉದ್ದದ ಮ್ಯಾಚಿನಲ್ಲಿ ಕೈ ಹಿಡಿಯುವುದು ಸ್ಕೋರ್ ಲೆಕ್ಕ. ಸ್ಕೋರ್ ತಲೆಯಲ್ಲಿದ್ದರೆ ಚೆಂಡು ಮುಂದೆ ಎಲ್ಲಿಗೆ ಹೋಗಬೇಕು ಅಂತ ಮೊದಲೇ ಗೊತ್ತಿರುತ್ತದೆ, ಅರ್ಧ ಓಟ ಅಲ್ಲೇ ಉಳಿಯುತ್ತದೆ.

ನಿಲ್ಲುವ ಜಾಗದಿಂದ ಶುರು ಮಾಡೋಣ. ಪೂರ್ತಿ ತಂಡ ಅಂದರೆ ಆರು ಜನ. ನೆಟ್ಟಿನ ಎರಡು ಕಂಬದ ಹತ್ತಿರ ಒಬ್ಬೊಬ್ಬರು, ಎರಡೂ ಕೊನೆಯಲ್ಲಿ ಬೇಸ್‌ಲೈನ್ (ಕೋರ್ಟಿನ ಹಿಂಬದಿಯ ಗೆರೆ) ಹಿಂದೆ ಮೂಲೆಗೊಬ್ಬರಂತೆ ನಾಲ್ಕು ಜನ. ನಮ್ಮೂರಲ್ಲಿ ನಾಲ್ಕೇ ಜನ ಸಿಕ್ಕರೆ ನೆಟ್ಟಿಗೆ ಇಬ್ಬರು, ಕೊನೆಗೊಬ್ಬರಂತೆ ಇಬ್ಬರು ಸಾಕು. ನೆಟ್ಟಿನವರನ್ನು ಮಾತ್ರ ಕಡಿಮೆ ಮಾಡಬೇಡಿ. ಮೊದಲ ಸರ್ವ್ ನೆಟ್ಟಿಗೆ ಬಡಿದು ಬಿದ್ದರೆ ಎರಡನೇ ಸರ್ವಿಗೆ ಮುಂಚೆ ಆ ಚೆಂಡು ಹೋಗಿರಬೇಕು, ಇಲ್ಲಾಂದ್ರೆ ಆಟಗಾರ ತುಳಿದು ಕಾಲು ಹೊರಳುತ್ತದೆ. ನೆಟ್ಟಿನವರು ಬಗ್ಗಿಕೊಂಡು ಓಡಿ, ಎತ್ತಿಕೊಂಡು, ಆಚೆ ಕಂಬ ಹತ್ತಿರವಿದ್ದರೆ ಆಚೆಗೇ ಹೋಗಿಬಿಡಬೇಕು. ವಾಪಸ್ ಬರೋಣ ಅಂತ ಮಧ್ಯದಲ್ಲಿ ಯೋಚನೆ ಮಾಡುತ್ತಾ ನಿಂತರೆ ಸರ್ವ್ ಮಾಡುವವನ ಏಕಾಗ್ರತೆ ಹಾಳು.

ನಿಮ್ಮ ನಿಮ್ಮಲ್ಲೇ ಚೆಂಡು ಸಾಗಿಸುವಾಗ ಎಸೆಯಬೇಡಿ, ಉರುಳಿಸಿ. ವಿಂಬಲ್ಡನ್‌ನಲ್ಲಿ ಉರುಳಿಸುವುದೇ ಪದ್ಧತಿ. ಅಮೆರಿಕನ್ ಓಪನ್‌ನಲ್ಲಿ ಎಸೆಯುತ್ತಿದ್ದರು, 2018ರಿಂದ ಅಲ್ಲೂ ಉರುಳಿಸುತ್ತಾರೆ. ಉರುಳಿಸುವಾಗ ಸೊಂಟ ಬಗ್ಗಿದರೆ ಸಾಲದು, ಮಂಡಿ ಬಗ್ಗಬೇಕು. ಕೈ ನೆಲಕ್ಕೆ ಹತ್ತಿರ ಬಂದ ಮೇಲೇ ಚೆಂಡು ಬಿಡಬೇಕು. ನಮ್ಮ ಸಿಮೆಂಟ್ ಕೋರ್ಟಿನಲ್ಲಿ ಮೊಳದ ಎತ್ತರದಿಂದ ಬಿಟ್ಟರೂ ಚೆಂಡು ಕುಪ್ಪಳಿಸಿಕೊಂಡು ಹೋಗುತ್ತದೆ, ಆ ಕಡೆ ಹಿಡಿಯುವವನಿಗೆ ಕಷ್ಟ. ಸೈಡ್‌ಲೈನ್ ಹೊರಗಿನ ಜಾಗದಲ್ಲಿ ನೇರಕ್ಕೆ ಬಿಡಿ. ಹಿಡಿಯುವವರು ಕೈ ಹಿಂದೆ ಒಂದು ಕಾಲು ಅಡ್ಡ ಇಡಲಿ, ಕೈ ತಪ್ಪಿದರೂ ಕಾಲಿಗೆ ತಾಗಿ ನಿಲ್ಲುತ್ತದೆ. ಮತ್ತೆ, ಆ ಕಡೆಯವರು ನಿಮ್ಮನ್ನು ನೋಡುತ್ತಿದ್ದಾರಾ ಅಂತ ಕಣ್ಣು ಸೇರಿಸದೆ ಬಿಡಲೇಬೇಡಿ.

ಆಟಗಾರನಿಗೆ ಕೊಡುವಾಗ ಚೆಂಡಿರುವ ಕೈಯನ್ನು ತಲೆ ಮೇಲೆ ನೆಟ್ಟಗೆ ಎತ್ತಿ ತೋರಿಸಿ. ಅವನು ನಿಮ್ಮ ಕಡೆ ನೋಡಿದ ಮೇಲೆ ಒಂದೇ ಒಂದು ಪುಟ ಬಿದ್ದು ಅವನ ಸೊಂಟದ ಎತ್ತರಕ್ಕೆ ಬರುವ ಹಾಗೆ ಕೊಡಿ. ಕೆಲವರು ಮೂರು ಕೇಳಿ, ನೋಡಿ, ಒಂದನ್ನು ವಾಪಸ್ ತಳ್ಳುತ್ತಾರೆ, ಅದಕ್ಕೆ ಸಿದ್ಧ ಇರಿ. ಚೆಂಡಿಲ್ಲದಿದ್ದರೆ ಎರಡೂ ಅಂಗೈ ತೋರಿಸಿ. ಬಾಯಲ್ಲಿ ಏನೂ ಹೇಳಬೇಕಿಲ್ಲ.

ಈಗ ಲೆಕ್ಕಕ್ಕೆ ಬರೋಣ, ಇದನ್ನು ನಿಧಾನವಾಗಿ ಓದಿ. 1, 3, 5 ಹೀಗೆ ಬೆಸ ಸಂಖ್ಯೆಯ ಗೇಮ್ ಮುಗಿದಾಗ ಆಟಗಾರರು ಜಾಗ ಬದಲಿಸುತ್ತಾರೆ. ಆಗ ಚೆಂಡು ಇದ್ದಲ್ಲೇ ಇರಬೇಕು. ಯಾಕೆ ಅಂದರೆ ಮುಂದೆ ಸರ್ವ್ ಮಾಡುವವನೇ ನಡೆದು ಆ ಕೊನೆಗೆ ಬರುತ್ತಾನೆ. 2, 4, 6ನೇ ಗೇಮ್ ಮುಗಿದಾಗ ಆಟಗಾರರು ಅಲ್ಲಲ್ಲೇ ಇರುತ್ತಾರೆ, ಆದ್ದರಿಂದ ಚೆಂಡು ಆಚೆ ಕೊನೆಗೆ ಹೋಗಬೇಕು. ಹೊಸ ಮಕ್ಕಳು ಇಲ್ಲೇ ತಲೆಕೆಡಿಸಿಕೊಳ್ಳುತ್ತಾರೆ. ಗೇಮ್ ಮುಗಿಯಿತು ಅಂತ ಎಲ್ಲಾ ಚೆಂಡನ್ನೂ ಆಚೆ ಕಳಿಸಿ, ಆಮೇಲೆ ವಾಪಸ್ ತರಿಸಿಕೊಳ್ಳುತ್ತಾರೆ. ಸುಮ್ನೆ ಸುಸ್ತು.

ಸೆಟ್ 6-6 ಆದಾಗ ಅದನ್ನು ತೀರ್ಮಾನಿಸಲು ಆಡುವ ಟೈ-ಬ್ರೇಕ್ ಇನ್ನೂ ಮಜಾ. ಮೊದಲ ಪಾಯಿಂಟ್ ಒಂದು ಕೊನೆಯಿಂದ, 2 ಮತ್ತು 3 ಆಚೆಯಿಂದ, 4 ಮತ್ತು 5 ಈಚೆಯಿಂದ, 6 ಆಚೆಯಿಂದ. 6 ಪಾಯಿಂಟ್ ಆದಮೇಲೆ ಜಾಗ ಬದಲು. 7ನೇ ಪಾಯಿಂಟನ್ನು ಸರ್ವ್ ಮಾಡುವವನು ಅದೇ ಆಟಗಾರ, ಆದರೆ ಅವನು ಈಗ ಈಚೆಗೆ ಬಂದಿದ್ದಾನೆ. ಚೆಂಡೂ ಅವನ ಜೊತೆ ಬರಬೇಕು. ಇದು ಬಾಯಿಗೆ ಬಂದರೆ ಯಾವ ಟೈ-ಬ್ರೇಕಿಗೂ ಹೆದರಬೇಕಿಲ್ಲ. ಈಗಂತೂ ಇದನ್ನು ಬಿಟ್ಟರೆ ಆಗುವುದೇ ಇಲ್ಲ. 2018ರ ವಿಂಬಲ್ಡನ್ ಸೆಮಿಫೈನಲ್‌ನಲ್ಲಿ ಆಂಡರ್ಸನ್ ಇಸ್ನರನ್ನು ಕೊನೆಯ ಸೆಟ್ಟಿನಲ್ಲಿ 26-24ರಿಂದ ಸೋಲಿಸಿದ, 6 ಗಂಟೆ 36 ನಿಮಿಷ ಹಿಡಿಯಿತು. ಮುಂದಿನ ವರ್ಷವೇ ಅಲ್ಲಿ 12-12ಕ್ಕೆ ಟೈ-ಬ್ರೇಕ್ ಬಂತು. 2022ರಿಂದ ನಾಲ್ಕೂ ಗ್ರಾಂಡ್‌ಸ್ಲಾಮ್‌ನಲ್ಲಿ ಕೊನೆಯ ಸೆಟ್ 6-6 ಆದರೆ 10 ಪಾಯಿಂಟಿನ ಟೈ-ಬ್ರೇಕ್. ಹಾಗಾಗಿ 70-68 ಇನ್ನು ಬರುವುದಿಲ್ಲ. ನನಗೆ ಅದರ ಬಗ್ಗೆ ಬೇಜಾರಿದೆ, ಆದರೂ ಮಕ್ಕಳ ದೃಷ್ಟಿಯಿಂದ ಒಳ್ಳೆಯದೇ ಆಯಿತು. ಮ್ಯಾಚುಗಳೇನೂ ಚಿಕ್ಕದಾಗಿಲ್ಲ ಬಿಡಿ. 2025ರ ಫ್ರೆಂಚ್ ಓಪನ್ ಫೈನಲ್‌ನಲ್ಲಿ ಅಲ್ಕರಾಜ್ ಮತ್ತು ಸಿನ್ನರ್ 5 ಗಂಟೆ 29 ನಿಮಿಷ ಆಡಿದರು, ಅದು ತೀರ್ಮಾನವಾಗಿದ್ದೂ ಇಂಥದೇ ಟೈ-ಬ್ರೇಕಿನಲ್ಲಿ.

ಚೆಂಡು ಬದಲಿಸುವ ಲೆಕ್ಕವೂ ಇದೆ. ದೊಡ್ಡ ಟೂರ್ನಮೆಂಟುಗಳಲ್ಲಿ ಮೊದಲು 7 ಗೇಮಿಗೆ, ಆಮೇಲೆ ಪ್ರತಿ 9 ಗೇಮಿಗೆ ಹೊಸ ಚೆಂಡು. ವಾರ್ಮ್‌ಅಪ್‌ನಲ್ಲೂ ಅದೇ ಚೆಂಡು ಸವೆದಿರುತ್ತದಲ್ಲ, ಅದಕ್ಕೇ ಮೊದಲ ಸಲ ಎರಡು ಗೇಮ್ ಕಡಿಮೆ. ಇಸ್ನರ್–ಮಹುತ್ ಆಡಿದ 183 ಗೇಮಿಗೆ ಲೆಕ್ಕ ಹಾಕಿದರೆ ಸುಮಾರು 20 ಸಲ ಹೊಸ ಚೆಂಡು ಬಂದಿರಬೇಕು. ನಮ್ಮಲ್ಲಿ ಎಷ್ಟೋ ಸಲ ಮೂರು ಚೆಂಡಿನಲ್ಲೇ ಮ್ಯಾಚ್ ಮುಗಿಸುತ್ತಾರೆ. ಮೂರೇ ಇದ್ದಾಗ ಒಂದು ಮೂಲೆಯಲ್ಲಿ ಸಿಕ್ಕಿಕೊಂಡರೂ ಆಟ ನಿಲ್ಲುತ್ತದೆ, ಆದ್ದರಿಂದ ಕೆಲಸ ಇನ್ನೂ ಚುರುಕಾಗಿರಬೇಕು.

ಇನ್ನು ಅಲ್ಲಾಡದೆ ನಿಲ್ಲುವುದು. ಪಾಯಿಂಟ್ ನಡೆಯುವಾಗ ಕೈ ಸಹ ಆಡಿಸಬಾರದು. 1984ರಲ್ಲಿ ಅಮೆರಿಕದ ರಿಚ್ಮಂಡ್‌ನಲ್ಲಿ ವಿಕಿ ನೆಲ್ಸನ್ ಮತ್ತು ಜೀನ್ ಹೆಪ್ನರ್ ಎರಡೇ ಸೆಟ್ಟನ್ನು 6 ಗಂಟೆ 31 ನಿಮಿಷ ಆಡಿದರು. ಅದರಲ್ಲಿ ಒಂದೇ ಪಾಯಿಂಟ್ 29 ನಿಮಿಷ, 643 ಹೊಡೆತ! ನೆಟ್ ಪಕ್ಕ ಮಂಡಿಯೂರಿ ಕೂತವರಿಗೆ ಅಂಥ ಪಾಯಿಂಟ್ ಬಂದರೆ ಹೇಗಿರುತ್ತದೆ ಯೋಚನೆ ಮಾಡಿ. ನಮ್ಮ 14 ವರ್ಷದೊಳಗಿನ ಮಕ್ಕಳ ಮ್ಯಾಚಿನಲ್ಲೂ ಇಬ್ಬರೂ ಎತ್ತೆತ್ತಿ ಹೊಡೆಯಲು ಶುರು ಮಾಡಿದರೆ ಪಾಯಿಂಟ್ ಮುಗಿಯುವುದೇ ಇಲ್ಲ. ಆದ್ದರಿಂದ ಪ್ರತಿ ಗೇಮಿಗೂ ಊರುವ ಮಂಡಿ ಬದಲಿಸಿ. ಪಾಯಿಂಟ್ ಮುಗಿದ ತಕ್ಷಣ ಕಾಲ್ಬೆರಳು ಆಡಿಸಿ. ನಿಂತವರು ಮಂಡಿಯನ್ನು ಬಿಗಿ ಹಿಡಿಯಬೇಡಿ, ಅದರಿಂದಲೇ ತಲೆ ಸುತ್ತುವುದು ಜಾಸ್ತಿ.

ಬಿಸಿಲಿನ ವಿಷಯದಲ್ಲಿ ಧೈರ್ಯ ತೋರಿಸಬೇಡಿ. ದಾವಣಗೆರೆಯ ಏಪ್ರಿಲ್ ಬಿಸಿಲು ಎಂಥದು ಅಂತ ಹೇಳಬೇಕಿಲ್ಲ. ಟೋಪಿ ಕಡ್ಡಾಯ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬರಬೇಡಿ, ಹಾಗಂತ ಮಂಡಕ್ಕಿ ಮೆಣಸಿನಕಾಯಿ ತಿಂದೂ ಬರಬೇಡಿ, ಬಾಯಾರಿಕೆ ತಡೆಯಲಾಗುವುದಿಲ್ಲ. ಉಪ್ಪು, ಸಕ್ಕರೆ ಹಾಕಿದ ನಿಂಬೆ ಶರಬತ್ತು, ಇಲ್ಲವೇ ನೀರು ಮಜ್ಜಿಗೆ ಬಾಟಲಿಯಲ್ಲಿರಲಿ. ಆಟಗಾರರು ಕೂತಾಗ ಸಿಗುವ 90 ಸೆಕೆಂಡಿನಲ್ಲಿ ನೀವೂ ಎರಡು ಗುಟುಕು ಕುಡಿಯಿರಿ. ತಲೆ ಸುತ್ತಿದರೆ ಕೈ ಎತ್ತಿ ಅಂಪೈರಿಗೆ ಹೇಳಿ, ನಾಚಿಕೆ ಪಡುವಂಥದ್ದೇನಿಲ್ಲ. 2022ರ ವಿಂಬಲ್ಡನ್‌ನಲ್ಲಿ ಒಬ್ಬ ಬಾಲ್ ಬಾಯ್‌ಗೆ ಸುಸ್ತಾದಾಗ ಆಟಗಾರ್ತಿ ಜೋಡಿ ಬರೇಜ್ ಆಟ ನಿಲ್ಲಿಸಿ, ಅವನಿಗೆ ಕುಡಿಯಲು ಕೊಟ್ಟು ಸಿಹಿ ತಿನ್ನಿಸಿದರು.

ಚಿತ್ರದುರ್ಗದ ಮಕ್ಕಳಿಗೆ ಬೇರೆ ತಾಪತ್ರಯ, ಗಾಳಿ. ಬೆಟ್ಟದ ಮೇಲೆ ಗಾಳಿಯಂತ್ರಗಳನ್ನು ಸುಮ್ಮನೆ ನಿಲ್ಲಿಸಿಲ್ಲ. ಬೇಲಿ ಹತ್ತಿರ ನೆಲದ ಮೇಲೆ ಬಿಟ್ಟ ಚೆಂಡು ಪಾಯಿಂಟ್ ಮಧ್ಯೆ ಕೋರ್ಟಿಗೆ ಉರುಳಿ ಬಂದರೆ ಪಾಯಿಂಟನ್ನೇ ಮತ್ತೆ ಆಡಿಸಬೇಕಾಗುತ್ತದೆ. ಆಳವಾದ ಜೇಬಿನ ಚಡ್ಡಿ ಹಾಕಿಕೊಳ್ಳಿ, ಚೆಂಡು ಜೇಬಲ್ಲಿರಲಿ. ಗಾಳಿಗೆ ಎದುರಾಗಿ ಉರುಳಿಸುವಾಗ ಸ್ವಲ್ಪ ಜಾಸ್ತಿ ಬಲ ಹಾಕಿ.

ಅಭ್ಯಾಸಕ್ಕೆ ದೊಡ್ಡ ವ್ಯವಸ್ಥೆ ಬೇಡ. ವಿಂಬಲ್ಡನ್‌ನವರು ಜೂನ್ ಕೊನೆಯ ಆಟಕ್ಕೆ ಫೆಬ್ರವರಿಯಿಂದಲೇ ಮಕ್ಕಳನ್ನು ತಯಾರು ಮಾಡುತ್ತಾರೆ, ನಮಗೆ ಹದಿನೈದು ದಿನ ಸಾಕು. ಆಟಗಾರರೇ ಇಲ್ಲದ ಖಾಲಿ ಕೋರ್ಟಿನಲ್ಲಿ ಒಬ್ಬರು ಸ್ಕೋರ್ ಕೂಗಲಿ, ಮಕ್ಕಳು ಚೆಂಡು ಸಾಗಿಸಲಿ. ಎರಡು ಟೈ-ಬ್ರೇಕ್ ಹಾಗೆ ಆಡಿಸಿದರೆ ಯಾರಿಗೆ ಲೆಕ್ಕ ಬಂದಿದೆ ಅಂತ ತಿಳಿಯುತ್ತದೆ. ಬೆಂಗಳೂರಿನ ಕಬ್ಬನ್ ಪಾರ್ಕಿನ ಕೆಎಸ್‌ಎಲ್‌ಟಿಎ (ರಾಜ್ಯ ಲಾನ್ ಟೆನಿಸ್ ಸಂಸ್ಥೆ) ಕೋರ್ಟಿನಲ್ಲಿ ಬೆಂಗಳೂರು ಓಪನ್ ನಡೆಯುವಾಗ ಒಂದು ದಿನ ಹೋಗಿ ಬನ್ನಿ. ರ‍್ಯಾಲಿ ನೋಡುವುದು ಬಿಟ್ಟು ಒಂದು ಪೂರ್ತಿ ಸೆಟ್ ಬಾಲ್ ಕಿಡ್‌ಗಳನ್ನೇ ನೋಡಿ.

ಕೊನೆಗೆ ಆಯೋಜಕರಿಗೆ. ಒಂದು ಕೋರ್ಟಿಗೆ ಎರಡು ತಂಡ ಇಡಿ, ಒಂದು ಗಂಟೆ ಕೆಲಸ, ಒಂದು ಗಂಟೆ ನೆರಳು. 2023ರ ಆಸ್ಟ್ರೇಲಿಯನ್ ಓಪನ್‌ನಲ್ಲಿ ಮರ‍್ರೆ–ಕೊಕ್ಕಿನಾಕಿಸ್ ಮ್ಯಾಚ್ ಬೆಳಗಿನ ಜಾವ 4 ಗಂಟೆ ದಾಟಿ ಮುಗಿದಾಗ, ಬಾಲ್ ಕಿಡ್‌ಗಳು ಆ ಹೊತ್ತಿಗೆ ಮನೆ ಸೇರುವುದು ಸರಿಯಲ್ಲ ಅಂತ ಮರ‍್ರೆಯೇ ಸಿಟ್ಟಾಗಿದ್ದರು. ಗೆದ್ದವರೇ ಹಾಗೆ ಹೇಳಿದ್ದು. ಮಕ್ಕಳ ಊಟದ ಖರ್ಚನ್ನು ಬಜೆಟ್ಟಿನಲ್ಲೇ ಬರೆದಿಡಿ. ತಾವೂ ಬಾಲ್ ಬಾಯ್ ಆಗಿದ್ದ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಫೆಡರರ್ ಟೂರ್ನಮೆಂಟ್ ಮುಗಿದ ಮೇಲೆ ಆ ಮಕ್ಕಳಿಗೆಲ್ಲ ಪಿಜ್ಜಾ ಕೊಡಿಸುತ್ತಿದ್ದರು, ನಮ್ಮೂರಲ್ಲಿ ಫೈನಲ್ ಮುಗಿದ ಸಂಜೆ ಬೆಣ್ಣೆ ದೋಸೆ ಕೊಡಿಸಿ, ಎರಡನೇ ದೋಸೆ ಕೇಳಿದವರಿಗೆ ಇಲ್ಲ ಅನ್ನಬೇಡಿ.