ಕರಾವಳಿಯ ಸೆಕೆ, ಮಳೆಯಲ್ಲಿ ಪಾಮೇರಿಯನ್ ನಾಯಿಯ ರೋಮ ಉದುರಿದರೆ

ಕಾರವಾರ, ಕುಮಟಾದ ಕಡೆ ಪಾಮೇರಿಯನ್ ಸಾಕಿದವರ ಮನೆಯಲ್ಲಿ ಚಾಪೆಯಿಂದ ಹಿಡಿದು ಒಣಹಾಕಿದ ಪಂಚೆಯವರೆಗೆ ರೋಮ ಅಂಟಿರುವುದು ಸಾಮಾನ್ಯ. ಈ ತಳಿಗೆ ಎರಡು ಪದರಗಳ ರೋಮವಿದ್ದು, ಉದುರುವುದು ಹೆಚ್ಚಾಗಿ ಒಳಪದರದ ಮೃದು ರೋಮವಾದ್ದರಿಂದ ಮೇಲ್ಪದರವನ್ನಷ್ಟೇ ಬಾಚಿದರೆ ಪ್ರಯೋಜನವಿಲ್ಲ. ಒಂದು ಕೈಯಲ್ಲಿ ರೋಮವನ್ನು ಎತ್ತಿ ಹಿಡಿದು, ಬೈತಲೆ ತೆಗೆದಂತೆ ಚರ್ಮ ಕಾಣುವ ಹಾಗೆ ಬಿಡಿಸಿ, ಬುಡದಿಂದ ತುದಿಯವರೆಗೆ ಸ್ವಲ್ಪ ಸ್ವಲ್ಪವೇ ಬಾಚಬೇಕು. ಕಿವಿಯ ಹಿಂದೆ ಗಂಟು ಬೇಗ ಕಟ್ಟುತ್ತದೆ. ಸೆಕೆಯೆಂದು ಪೂರ್ತಿ ಬೋಳಿಸುವುದನ್ನು ನಾನಂತೂ ಒಪ್ಪುವುದಿಲ್ಲ. ರೋಮ ಮತ್ತೆ ಮೊದಲಿನಂತೆ ಬಾರದೇ ಹೋಗಬಹುದು. ಮಳೆಗಾಲದಲ್ಲಿ ಸ್ನಾನ ಮಾಡಿಸಿದರೆ ಬುಡದವರೆಗೂ ಒಣಗಿಸಬೇಕು, ಇಲ್ಲವಾದರೆ ಚರ್ಮಕ್ಕೆ ಸೋಂಕು ತಗಲಬಹುದು. ಅಲ್ಲಲ್ಲಿ ಬೋಳಾಗುವುದು, ತುರಿಕೆ ಅಥವಾ ದುರ್ವಾಸನೆ ಕಂಡುಬಂದರೆ ಬಾಚಣಿಗೆಯನ್ನು ಬದಿಗಿಟ್ಟು ಪಶುವೈದ್ಯರಿಗೆ ತೋರಿಸಬೇಕು.