ತೊಗರಿಬೇಳೆ ದರಪಟ್ಟಿಯ ಇಮೇಲ್ ಮರಳಿ ಬರುತ್ತಿದ್ದುದನ್ನು ಸರಿಪಡಿಸಿದ ಬಗೆ

ಕಲಬುರಗಿಯ ನೆಹರೂ ಗಂಜಿನಲ್ಲಿರುವ ನಮ್ಮ ಬೇಳೆ ಅಂಗಡಿಯ ಸ್ವಂತ ಡೊಮೇನಿನಿಂದ ಕಳುಹಿಸಿದ ದರಪಟ್ಟಿಗಳು ಖರೀದಿದಾರರ ಜಿಮೇಲ್ ವಿಳಾಸಗಳನ್ನು ತಲುಪದೆ, 550 5.7.26 ಎಂಬ ದೋಷಸಂಖ್ಯೆಯೊಂದಿಗೆ ಮರಳಿ ಬರುತ್ತಿದ್ದವು. ಪಾಸ್‌ವರ್ಡ್ ಬದಲಿಸಿದ್ದು, ಪಿಡಿಎಫ್ ತೆಗೆದದ್ದು, ವಿಷಯದ ಸಾಲು ತಿದ್ದಿದ್ದು ಯಾವುದೂ ಫಲ ಕೊಡಲಿಲ್ಲ. ಆ ಸಂಖ್ಯೆ ಕಳುಹಿಸುವವರ ದೃಢೀಕರಣಕ್ಕೆ ಸಂಬಂಧಿಸಿದ್ದು.

ಡೊಮೇನಿನ ಡಿಎನ್‌ಎಸ್ (ಡೊಮೇನಿನ ವಿವರಗಳನ್ನು ಇಂಟರ್‌ನೆಟ್ಟಿಗೆ ತಿಳಿಸುವ ಪಟ್ಟಿ) ಪುಟದಲ್ಲಿ ಟಿಎಕ್ಸ್‌ಟಿ ಎಂಬ ಪಠ್ಯರೂಪದ ದಾಖಲೆಗಳನ್ನು ಒಂದೊಂದಾಗಿ ಓದಿದಾಗ ಎಸ್‌ಪಿಎಫ್ ದಾಖಲೆಗಳು (ಡೊಮೇನಿನ ಹೆಸರಿನಲ್ಲಿ ಯಾವ ಸೇವೆಗಳು ಮೇಲ್ ಕಳುಹಿಸಬಹುದೆಂದು ಹೇಳುವವು) ಎರಡು ಕಂಡವು: ಒಂದು ಮೇಲ್ ಸೇವೆಯದು, ಇನ್ನೊಂದು ಬಿಲ್ಲಿಂಗ್ ತಂತ್ರಾಂಶಕ್ಕಾಗಿ ನಂತರ ಸೇರಿಸಿದ್ದು. ಒಂದು ಡೊಮೇನಿಗೆ ಒಂದೇ ಎಸ್‌ಪಿಎಫ್ ದಾಖಲೆ ಇರಬೇಕು. ಎರಡಿದ್ದರೆ ಪರಿಶೀಲನೆಯೇ ದೋಷವೆಂದು ಮುಗಿಯುತ್ತದೆ. ಆದ್ದರಿಂದ ಎರಡನೆಯದರ ‘ಇನ್‌ಕ್ಲೂಡ್’ ಭಾಗವನ್ನು (ಅನುಮತಿ ಇರುವ ಸೇವೆಯನ್ನು ಹೆಸರಿಸುವುದು) ಮೊದಲನೆಯದರೊಳಗೆ, ಕೊನೆಯ ‘ಆಲ್’ಗಿಂತ (ಉಳಿದೆಲ್ಲ ಕಳುಹಿಸುವವರಿಗೆ ಅನ್ವಯಿಸುವ ಪದ) ಮುಂಚೆ, ಎರಡೂ ಬದಿ ಒಂದೊಂದು ಖಾಲಿ ಜಾಗ ಬಿಟ್ಟು ಸೇರಿಸಿ, ‘ಆಲ್’ ಪದದ ಎಡಕ್ಕೆ ಅಂಟಿಕೊಂಡಿರುವ ‘~’ ಚಿಹ್ನೆಯನ್ನು ಹಾಗೆಯೇ ಉಳಿಸಿ, ಎರಡನೆಯ ದಾಖಲೆಯನ್ನು ಪೂರ್ತಿ ಅಳಿಸಿದೆ. ಇನ್‌ಕ್ಲೂಡ್‌ಗಳ ಒಳಗಿನವೂ ಸೇರಿ ಎಸ್‌ಪಿಎಫ್ ಪರಿಶೀಲನೆಗೆ ಬೇಕಾಗುವ ಡಿಎನ್‌ಎಸ್ ಹುಡುಕಾಟಗಳು 10 ಮೀರಬಾರದು. ಇದನ್ನು ಆಗಲೇ ಎಣಿಸಿ ನೋಡುವುದು ಒಳ್ಳೆಯದು.

ಬಳಿಕ ಮೇಲ್ ಸೇವೆಯಲ್ಲಿ 2048 ಬಿಟ್‌ನ ಡಿಕಿಮ್ (ಮೇಲ್‌ಗೆ ಹಾಕುವ ಡಿಜಿಟಲ್ ಸಹಿ) ಕೀಲಿಯನ್ನು ಸೃಷ್ಟಿಸಿ, ಡಿಎನ್‌ಎಸ್‌ಗೆ ಸೇರಿಸಿ, ಅದು ಹೊರಗೆ ಕಾಣಿಸಿದ ಮೇಲೆಯೇ ಸಹಿಯನ್ನು ಚಾಲೂ ಮಾಡಿದೆ. ಕೊನೆಗೆ ಡಿಮಾರ್ಕ್ (ಪರಿಶೀಲನೆಯಲ್ಲಿ ಸೋತ ಮೇಲನ್ನು ಏನು ಮಾಡಬೇಕೆಂದು ಹೇಳುವ ದಾಖಲೆ) ನೀತಿಯನ್ನು ‘none’ (ಯಾವ ಕ್ರಮವೂ ಬೇಡ) ಎಂದಿರಿಸಿದೆ. ಮರುದಿನ ಜಿಮೇಲ್‌ನ ‘ಶೋ ಒರಿಜಿನಲ್’ ಪುಟದಲ್ಲಿ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರರ ಎದುರಿಗೂ ‘ಪಾಸ್’ ಎಂದಿತ್ತು.